ಹೊಡೆದು ಹಾಕಿದ ಸಾಲು

೧೭೭೪, ಫೆಬ್ರವರಿ ೨೨, ಮಂಗಳವಾರ. ಬೆಳಗಿನ ಐದು.

ಶಾಯಿ ಮತ್ತೆ ಹೆಪ್ಪುಗಟ್ಟಿತ್ತು. ಕುಡಿಕೆಯನ್ನು ಒಲೆಯ ಪಕ್ಕ ಇಟ್ಟು, ಹಿಟ್ಟು ನಾದಿ, ಹಾಲು ಕರೆದು ಬರುವಷ್ಟರಲ್ಲಿ ಕರಗಿತು. ಬೆರಳು ಮಾತ್ರ ಇನ್ನೂ ಕರಗಿಲ್ಲ. ಯಜಮಾನರು ಏಳಲು ಇನ್ನೂ ಒಂದು ಗಂಟೆ ಇದೆ. ಅವರು ಬೇಡವೆಂದ ಹಾಳೆಗಳ ಹಿಂಬದಿ ನನ್ನದು — ಅವರು ಕೊಟ್ಟಿಲ್ಲ, ನಾನು ಕೇಳಿಲ್ಲ.

ನಿನ್ನೆಗೆ ಮೂವತ್ತೊಂದು ಪುಟ ಶುದ್ಧ ಪ್ರತಿಯಾಯಿತು. ಯಜಮಾನರು ತೀರಿಹೋದ ತಮ್ಮ ಹೆಂಡತಿಯ ಜೀವನಕಥೆ ಬರೆಸುತ್ತಿದ್ದಾರೆ. ಮರ್ಸಿ ಅಮ್ಮನ ಬಾಲ್ಯ, ಭಕ್ತಿ, ದಾನಧರ್ಮ ಎಲ್ಲ ಮುಗಿದವು. ಇನ್ನು ಮರಣದ ಅಧ್ಯಾಯ. ಜನವರಿಯಲ್ಲಿ ಹಾಸಿಗೆಯ ಮೇಲೆ ಒಂದು ಸಲ ಹೋದರು. ಈಗ ಪುಸ್ತಕದಲ್ಲಿ ಇನ್ನೊಂದು ಸಲ ಹೋಗುತ್ತಾರೆ. ಎರಡು ಸಲವೂ ಪಕ್ಕದಲ್ಲಿ ನಾನೇ.

ನನ್ನ ಯಜಮಾನರು, ಚರ್ಚಿನ ಸೇವೆ ಮಾಡುವ ಹಿರಿಯರಾದ ಡೀಕನ್ ಜಬೆಜ್ ಲೂಮಿಸರ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬಾಸ್ಟನ್ ಸೀಮೆಯ ಈ ಮಾರ್ಷ್‌ಬರಿ ಊರಲ್ಲಿ ನನ್ನಷ್ಟು ದುಂಡಗೆ ಬರೆಯುವವರಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ, ತಮ್ಮ ಬಿಳಿ ಕುದುರೆಯ ವಿಷಯ ಹೇಳುವ ಹಾಗೆ. ಕಲಿಸಿದವರು ಅಮ್ಮ. ಒಂಬತ್ತು ವರ್ಷದವಳನ್ನು ಇವರು ಹಡಗುಕಟ್ಟೆಯಲ್ಲಿ ಕೊಂಡು ತಂದಾಗ ಅಮ್ಮ ನನಗೆ ಜಿಪ್ಪೊರಾ ಎಂದು ಹೆಸರಿಟ್ಟರು. ಬೈಬಲ್ ಓದಲಿ ಎಂದು ಅಕ್ಷರ ಕಲಿಸಿದರು. ಹದಿನೇಳು ವರ್ಷವಾಯಿತು.

ಕೆಮ್ಮು ಕೇಳಿಸಿತು. ಎದ್ದರು.

ಫೆಬ್ರವರಿ ೨೩, ಬುಧವಾರ. ಮಧ್ಯಾಹ್ನ.

ಊಟ ಮಾಡಿ ಮಲಗಿದ್ದಾರೆ. ಈಗಲೇ ಬರೆದಿಡಬೇಕು.

ಅಮ್ಮ ತೀರಿಕೊಂಡ ವಾರದಲ್ಲೇ ಅಳುತ್ತಾ ಹೇಳಿ ಬರೆಸಿದ ಕರಡು ಇದೆ. ಅದನ್ನು ಓದುತ್ತಾ ಹೋಗುವುದು, ಅವರು ತಿದ್ದುವುದು, ನಾನು ಶುದ್ಧವಾಗಿ ಬರೆಯುವುದು — ನಮ್ಮ ಕ್ರಮ ಹಾಗೆ. ಇವತ್ತು ಈ ಸಾಲಿಗೆ ಬಂದೆ: ‘ಸಂಜೆ ನಾಲ್ಕರ ಹೊತ್ತಿಗೆ ನನ್ನ ಕೈ ಹಿಡಿದು, ಜಿಪ್ಪೊರಾಳನ್ನು ಬಿಟ್ಟುಬಿಡಿ, ಅವಳು ಇನ್ನು ಯಾರ ಸ್ವತ್ತೂ ಆಗಿರುವುದು ಬೇಡ, ಎಂದಳು. ಆಗಲಿ ಎಂದು ದೇವರ ಎದುರಿಗೆ ಮಾತು ಕೊಟ್ಟೆನು.’

“ನಿಲ್ಸು,” ಅಂದರು. “ಆ ಸಾಲು ಬೇಡ.”

“ಯಾವ ಸಾಲು, ಯಜಮಾನ್ರೇ?”

“ಯಾವ್ದು ಅಂತ ನಿಂಗ್ ಗೊತ್ತಿಲ್ವಾ? ಮನೆ ವಿಷ್ಯ ಅದು. ಓದೋರಿಗೆ ಅಮ್ಮನ ಭಕ್ತಿ ಬೇಕು, ನಮ್ಮನೆ ಸಂಸಾರ ಯಾಕೆ? ಹೊಡೆದು ಹಾಕು.”

ಹೊಡೆದೆ. ಒಂದೇ ಗೀಟು, ತೆಳ್ಳಗೆ.

“ಸಾಲು ಹೋಯ್ತು. ಮಾತು?” ಎಂದೆ. ಹೇಗೆ ಬಾಯಿ ಬಂತೋ ತಿಳಿಯದು.

“ಜ್ವರದಲ್ಲಿ ಬಡಬಡಿಸಿದ್ದು ಅದು. ತಲೆ ನೆಟ್ಟಗಿರ್ಲಿಲ್ಲ, ಪಾಪ. ಮುಂದೆ ಓದು.”

ಮುಂದೆ ಓದಿದೆ. ‘ಕೊನೆಯುಸಿರಿನ ತನಕ ಅವಳ ಬುದ್ಧಿ ತಿಳಿನೀರಿನಂತೆ ನಿರ್ಮಲವಾಗಿತ್ತು.’

“ಅದಿರ್ಲಿ,” ಅಂದರು. “ಚೆನ್ನಾಗಿದೆ. ತಿಳಿನೀರು.”

ಅಮ್ಮ ಆ ಮಾತು ಹೇಳಿದಾಗ ನಾನು ಅವರ ಕಾಲಡಿಗೆ ಬಿಸಿ ಇಟ್ಟಿಗೆ ಇಡುತ್ತಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ. ಐದು ವಾರದಿಂದ ಬಾಯಿಮುಚ್ಚಿ ಕಾದದ್ದು, ದುಃಖದ ಮನೆಯಲ್ಲಿ ಅವಸರ ಮಾಡಬಾರದು ಎಂದು. ಈಗ ನೋಡಿದರೆ ಮರೆಯಲು ಅವಸರ ಮಾಡಿದವರು ಅವರು.

ಫೆಬ್ರವರಿ ೨೬, ಶನಿವಾರ.

ಮೂರು ದಿನದಿಂದ ಒಂದೇ ಯೋಚನೆ. ಶುದ್ಧ ಪ್ರತಿಯಲ್ಲಿ ಆ ಸಾಲನ್ನು ಸುಮ್ಮನೆ ಬರೆದುಬಿಟ್ಟರೆ? ಅವರಿಗೆ ಅಕ್ಷರ ಕಾಣುವುದಿಲ್ಲ. ಬಾಸ್ಟನ್ನಿನ ಪ್ರಿಂಟರು ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕುತ್ತಾನೆ. ಆಮೇಲೆ ಊರೂರಿನಲ್ಲಿ ಓದುತ್ತಾರೆ, ಡೀಕನ್ ದೇವರ ಎದುರಿಗೆ ಮಾತು ಕೊಟ್ಟರೆಂದು. ಹಿಂದೆಗೆಯುವುದು ಹೇಗೆ ಆಗ?

ನಲವತ್ತನೇ ಪುಟದವರೆಗೆ ಬಂದು ಲೇಖನಿ ಅದ್ದಿಯೂ ಆಗಿತ್ತು. ಬರೆಯಲಿಲ್ಲ. ನಾನು ದೊಡ್ಡ ಭಕ್ತೆ ಎಂದೇನಲ್ಲ. ಕೈ ಬರಹ ನನ್ನದು. ಈ ಗುಲಾಮಳೇ ಸೇರಿಸಿದ್ದು ಅನ್ನುತ್ತಾರೆ, ಎಲ್ಲರೂ ಹೌದೆನ್ನುತ್ತಾರೆ. ನಿಜವಾದ ಮಾತು ನನ್ನ ಕೈಯಿಂದಲೇ ಸುಳ್ಳಾಗಿಬಿಡುತ್ತದೆ. ಬೇಡ ಎಂದು ತೀರ್ಮಾನಿಸಿ ಲೇಖನಿ ಒರೆಸಿಟ್ಟೆ. ಬೇರೆ ದಾರಿ ಇದೆ. ಅದಕ್ಕೆ ಧೈರ್ಯ ಬೇಕು.

ಮಾರ್ಚ್ ೭, ಸೋಮವಾರ.

ನಿನ್ನೆ ಕರ್ತನ ಭೋಜನದ ಭಾನುವಾರ, ತಿಂಗಳಿಗೊಮ್ಮೆ ಸಭೆಯವರೆಲ್ಲ ಯೇಸುವಿನ ನೆನಪಿಗೆ ಒಂದೇ ತಟ್ಟೆಯ ರೊಟ್ಟಿ ತಿನ್ನುವ ದಿನ.

ಹೋದ ವರ್ಷ ಸಭೆಯ ಮುಂದೆ ನಿಂತು ನನ್ನ ನಂಬಿಕೆಯ ಸಾಕ್ಷಿ ಹೇಳಿ, ಸದಸ್ಯಳಾಗಿ ಒಡಂಬಡಿಕೆಗೆ ಸೇರಿದವಳು ನಾನು. ಅವತ್ತಿನಿಂದ ಆ ಮಂದಿರದಲ್ಲಿ ಡೀಕನ್ ನನಗೆ ಸಹೋದರ, ಅವರಿಗೆ ನಾನು ಸಹೋದರಿ. ಹೊಸ್ತಿಲು ದಾಟಿ ಹೊರಗೆ ಬಂದರೆ ಕಥೆ ಬೇರೆ. ಆದರೂ ಸಭೆಯ ನಿಯಮ ನಿಯಮವೇ. ಸಭೆಯವರ ಮೇಲೆ ದೂರು ಇಟ್ಟುಕೊಂಡವರು ಆ ರೊಟ್ಟಿಯನ್ನು ತಿನ್ನಬಾರದು. ಯಾರಾದರೂ ತಿನ್ನದೆ ಬಿಟ್ಟರೆ ಯಾಕೆಂದು ಸಭೆಯ ಪಾದ್ರಿ ಅಯ್ಯನವರು ಕೇಳಲೇಬೇಕು. ಒಬ್ಬೊಬ್ಬರಿಗೂ ರೊಟ್ಟಿಯ ತಟ್ಟೆ ಹಿಡಿಯುವವರು ಡೀಕನರು.

ರೊಟ್ಟಿ ಹಂಚುವಾಗ ನಾವು ಕರಿಯರು ಮೇಲಿನ ಗ್ಯಾಲರಿಯಿಂದ ಇಳಿದು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಯಜಮಾನರು ತಟ್ಟೆ ಹಿಡಿದು ಬಂದರು. ಕಣ್ಣು ಮಂಜಾದರೂ ಆ ಬೆಂಚಿನ ಲೆಕ್ಕ ಅವರಿಗೆ ಗೊತ್ತು — ಟೈಟಸ್, ಆಮೇಲೆ ನಾನು. ಟೈಟಸ್ ತೆಗೆದುಕೊಂಡ. ತಟ್ಟೆ ನನ್ನ ಮುಂದೆ ಬಂತು. ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೆ.

“ಜಿಪ್,” ಎಂದರು ಮೆಲ್ಲಗೆ, ಸಾರು ಚೆಲ್ಲಿದಾಗ ಕರೆಯುವ ದನಿಯಲ್ಲಿ.

ಅಲ್ಲಾಡಲಿಲ್ಲ. ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ತಟ್ಟೆ ಅಲ್ಲೇ ನಿಂತು, ನಿಂತು, ಮುಂದೆ ಹೋಯಿತು. ಹೊರಗೆ ಬಂದಾಗ ವಿಧವೆ ಹೆಪ್ಸಿಬಾ ತೋಳು ಚಿವುಟಿದಳು. ಅಮ್ಮನ ಕೊನೆಯ ದಿನಗಳಲ್ಲಿ ಆರೈಕೆಗೆ ಬಂದು ಕೂತಿದ್ದ ಮುದುಕಿ ಅವಳು.

“ಹುಚ್ಚಿ, ಏನೇ ಮಾಡ್ದೆ?”

“ಏನೂ ಮಾಡ್ಲಿಲ್ಲ ಅವ್ವಾ. ಸುಮ್ನೆ ಕೂತಿದ್ದೆ.”

ಮಾರ್ಚ್ ೮, ಮಂಗಳವಾರ.

ಅಯ್ಯನವರು ಬಂದರು. ಅಸಾಹೆಲ್ ಡ್ರೂ ಅಯ್ಯನವರು ಉದ್ದನೆಯ ಮನುಷ್ಯ, ಅಡಿಗೆಮನೆಯ ಬಾಗಿಲಿಗೆ ಪ್ರತಿಸಲ ತಲೆ ಹೊಡೆದುಕೊಳ್ಳುತ್ತಾರೆ. ಇವತ್ತೂ ಆಯಿತು. ಚಹಾ ಕುಡಿಯುವುದಿಲ್ಲವೆಂದು ಊರೆಲ್ಲ ಶಪಥ ಮಾಡಿದೆಯಲ್ಲ, ರಾಸ್ಪ್‌ಬೆರಿ ಎಲೆಯ ಕಷಾಯ ಕೊಟ್ಟೆ. ಚಹಾದ ಮೇಲೆ ಸುಂಕ ಹಾಕಿ ಇಂಗ್ಲೆಂಡಿನ ರಾಜ ನಮ್ಮನ್ನೆಲ್ಲ ಗುಲಾಮರನ್ನಾಗಿ ಮಾಡುತ್ತಿದ್ದಾನೆ ಎಂದು ಯಜಮಾನರು ದಿನಕ್ಕೆ ಎರಡು ಸಲ ಹೇಳುತ್ತಾರೆ. ಆಗ ನಾನು ಪಾತ್ರೆ ತೊಳೆಯುತ್ತಿರುತ್ತೇನೆ.

“ಯಾರ ಮೇಲಮ್ಮ ದೂರು?”

“ಸಹೋದರ ಲೂಮಿಸ್ ಮೇಲೆ, ಅಯ್ಯನೋರೇ.”

ಕಷಾಯ ಕೆಳಗಿಟ್ಟರು. ಎಲ್ಲ ಹೇಳಿದೆ. ಸಾಲು ಹೊಡೆದದ್ದನ್ನೂ.

“ನಿಯಮ ಗೊತ್ತಲ್ಲ? ಮೊದ್ಲು ಒಬ್ಳೇ ಹೋಗಿ ಅವರ ಹತ್ರ ಕೇಳ್ಬೇಕು. ಕೇಳ್ಲಿಲ್ಲಾಂದ್ರೆ ಒಬ್ರೋ ಇಬ್ರೋ ಸಾಕ್ಷಿ ಜೊತೆ. ಅದಕ್ಕೂ ಬಗ್ಗಲಿಲ್ಲಾಂದ್ರೆ ಸಭೆ ಮುಂದೆ. ನೀನು ಕೇಳಿದ್ಯಾ?”

“ಅರ್ಧ ಕೇಳ್ದೆ.”

“ಅರ್ಧ ಕೇಳಿದ್ರೆ ಅರ್ಧ ಉತ್ರ ಸಿಗತ್ತೆ. ಬಾಯಿಬಿಟ್ಟು ಪೂರ್ತಿ ಕೇಳು.”

ಹೋಗುವಾಗ ಇನ್ನೊಮ್ಮೆ ತಲೆ ಹೊಡೆದುಕೊಂಡರು. ಅಂಗಳದಲ್ಲಿ ಅವರ ಕುದುರೆ ಹಿಡಿದು ಟೈಟಸ್ ನಿಂತಿದ್ದ. ಟೈಟಸ್ ಅವರ ಆಳು. ಕೊಂಡ ಆಳು.

ಮಾರ್ಚ್ ೧೨, ಶನಿವಾರ.

ಕೇಳಿದೆ. ಸಾಸಿವೆ ಪುಡಿ ಹಾಕಿದ ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು ಕೂತಿದ್ದರು. ಎದ್ದು ಹೋಗಲಾರರು ಎಂದೇ ಆ ಹೊತ್ತು ಆರಿಸಿದ್ದು.

“ಯಜಮಾನ್ರೇ, ಅಮ್ಮಂಗೆ ಕೊಟ್ಟ ಮಾತು ನಡೆಸ್ಕೊಡ್ತೀರಾ ಇಲ್ವಾ?”

ಒಂದು ಪಾದ ಎತ್ತಿ ಮತ್ತೆ ನೀರಿನಲ್ಲಿಟ್ಟರು.

“ಹೊಟ್ಟೆಗೆ ಬಟ್ಟೆಗೆ ಏನು ಕಮ್ಮಿ ಮಾಡಿದೀನಿ ನಿಂಗೆ?”

“ಏನೂ ಇಲ್ಲ.”

“ಕೈ ಎತ್ತಿದೀನಾ?”

“ಇಲ್ಲ.”

“ಮತ್ತೆ? ಹೊರಗೆ ಹೋಗಿ ಏನ್ ಮಾಡ್ತೀಯ?”

“ಗೊತ್ತಿಲ್ಲ. ಹೋಗಿ ನೋಡ್ತೀನಿ.”

ಆಗ ಸಿಟ್ಟು ಬಂತು. “ನ್ಯೂಪೋರ್ಟಲ್ಲಿ ನನ್ ತಂಗಿ ಮಗನ ಹಡಗು ಮೇ ತಿಂಗಳಲ್ಲಿ ಸಕ್ಕರೆ ದ್ವೀಪಗಳಿಗೆ ಹೊರಡತ್ತೆ. ಹೋಗೋಕೆ ಅಷ್ಟು ಆತುರ ಇದ್ರೆ ಅದ್ರಲ್ಲಿ ಜಾಗ ಇದೆ. ನೆನಪಿರ್ಲಿ.”

ಬೋಗುಣಿ ಎತ್ತಿ ಹೊರಗೆ ಒಯ್ದು ಚೆಲ್ಲಿದೆ. ಆ ದ್ವೀಪಗಳ ಕಬ್ಬಿನ ತೋಟಗಳಿಗೆ ಮಾರಿದವರು ತಿರುಗಿ ಬಂದದ್ದಿಲ್ಲ, ಕಾಗದ ಬರೆದದ್ದೂ ಯಾರೂ ಕೇಳಿಲ್ಲ.

ಮಾರ್ಚ್ ೨೯, ಮಂಗಳವಾರ. ಬೆಳಗಿನ ಐದು.

ಹದಿನೇಳು ದಿನವಾಯಿತು ಬರೆದು. ಮೇಜು, ಲೇಖನಿ, ಶಾಯಿ ಎಲ್ಲ ಕಿತ್ತುಕೊಂಡು ಅಟ್ಟದ ಮೇಲೆ ನಾರು ನೂಲಲು ಕೂರಿಸಿದ್ದರು. ಈ ಹಾಳೆಗಳು ಜೋಳದ ಹಿಟ್ಟಿನ ಪೀಪಾಯಿಯ ತಳದಲ್ಲಿದ್ದವು. ಪ್ರತಿದಿನ ಗಾಡಿಯ ಸದ್ದಾದರೆ ಸಾಕು, ನ್ಯೂಪೋರ್ಟಿನವರು ಬಂದರೆಂದು ಜೀವ ಬಾಯಿಗೆ ಬರುತ್ತಿತ್ತು. ಒಂದು ಮೀನಿನ ಗಾಡಿ, ಎರಡು ಸಲ ಹುಲ್ಲಿನ ಗಾಡಿ.

ಪುಸ್ತಕ ಬರೆಯಲು ಶಾಲೆಯ ಮಾಸ್ತರನನ್ನು ಕರೆಸಿದರು. ಕೆಳಗಿನಿಂದ ಇಬ್ಬರ ಜಗಳ ಕೇಳುತ್ತಿತ್ತು. ಮಾಸ್ತರ ಯಜಮಾನರ ವಾಕ್ಯಗಳನ್ನು ತಿದ್ದುತ್ತಾನೆ. ನಿನ್ನೆ ಅಮ್ಮನ ಬಾಯಲ್ಲಿ ನಾಲ್ಕು ಸಾಲು ಲ್ಯಾಟಿನ್ ಸೇರಿಸಿಬಿಟ್ಟಿದ್ದನಂತೆ. ಯಜಮಾನರ ಕೂಗು ಅಟ್ಟದವರೆಗೆ ಬಂತು: “ನನ್ ಹೆಂಡ್ತಿಗೆ ಲ್ಯಾಟಿನ್ ಎಲ್ಲಿಂದ ಬಂತಯ್ಯಾ? ಕೋಳಿಗೆ ಕಾಳು ಹಾಕೋಳು ಅವಳು.” ಮಾಸ್ತರ ಟೋಪಿ ಹಾಕಿಕೊಂಡು ಹೊರಟ.

ನಿನ್ನೆ ಸಂಜೆ ನನ್ನ ಮೇಜು ಮತ್ತೆ ಕಿಟಕಿಯ ಬಳಿಗೆ ಬಂದಿದೆ. ಹದಿನೇಳು ದಿನದಲ್ಲಿ ಮೊದಲ ಸಲ ನಕ್ಕೆ.

ಏಪ್ರಿಲ್ ೪, ಸೋಮವಾರ.

ನಿನ್ನೆಯ ಭೋಜನಕ್ಕೂ ಕೈ ಚಾಚಲಿಲ್ಲ. ತಟ್ಟೆ ಹಿಡಿದು ಬಂದವರು ಯಜಮಾನರಲ್ಲ, ಇನ್ನೊಬ್ಬ ಡೀಕನ್. ದೂರು ಇತ್ಯರ್ಥವಾಗುವವರೆಗೆ ನೀವು ಸೇವೆಯಿಂದ ದೂರ ಇರಿ ಎಂದು ಅಯ್ಯನವರು ಹೇಳಿದ್ದಾರಂತೆ. ಇಪ್ಪತ್ತೆರಡು ವರ್ಷದಿಂದ ತಟ್ಟೆ ಹಿಡಿದವರು ನಿನ್ನೆ ಕೈ ಖಾಲಿ ಬಿಟ್ಟುಕೊಂಡು ತಮ್ಮ ಬೆಂಚಿನಲ್ಲಿ ಕೂತಿದ್ದರು. ಕಂಡು ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬರುವಾಗ ಹೆಜ್ಜೆ ತಪ್ಪಿದರು, ತೋಳು ಹಿಡಿದೆ. ಕೊಸರಿಕೊಳ್ಳಲಿಲ್ಲ.

ಈಗ ಸಾಕ್ಷಿ ಬೇಕು. ಯಜಮಾನರು, ನಾನು ಬಿಟ್ಟರೆ ಅಮ್ಮನ ಹಾಸಿಗೆಯ ಬಳಿ ಆ ಹೊತ್ತಿಗೆ ಇದ್ದದ್ದು ಹೆಪ್ಸಿಬಾ ಒಬ್ಬಳೇ. ಅವಳ ಮನೆಗೆ ಹೋದೆ. ಒಣಮೀನು ಬಡಿಯುತ್ತಾ ಕೂತಿದ್ದಳು.

“ಅವ್ವಾ, ಅವತ್ತು ನಾಲ್ಕು ಗಂಟೆಗೆ ಏನು ಕೇಳಿದ್ರಿ?”

“ನಂಗೆ ಕಟ್ಟಿಗೆ ಬರೋದು ಡೀಕನ್ ಕಾಡಿಂದ ಕಣೇ.”

“ಗೊತ್ತು.”

“ಮುಂದಿನ್ ಚಳಿಗಾಲಕ್ಕೆ ನಿನ್ನ ಸತ್ಯ ಉರಿಸ್ಲಾ ಒಲೆಗೆ?”

ಎರಡು ಮೀನು ಬಡಿದಳು. ಮೂರನೆಯದನ್ನು ಬಡಿಯದೆ ಕೈಯಲ್ಲೇ ಹಿಡಿದುಕೊಂಡಳು.

“ಹಲ್ಲು ಹೋಗಿದೆ, ಕಿವಿ ಹೋಗಿಲ್ಲ ಅಂತ ಅಯ್ಯನೋರಿಗೆ ಹೇಳು. ಬರ್ತೀನಿ.”

ಏಪ್ರಿಲ್ ೧೪, ಗುರುವಾರ. ಮಧ್ಯಾಹ್ನ ನಾಲ್ಕು.

ಆಯಿತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಾಳೆ ಕನಸು ಎನಿಸಬಾರದು.

ಮುಂಭಾಗದ ಕೋಣೆ. ಅಯ್ಯನವರು, ಹೆಪ್ಸಿಬಾ, ಯಜಮಾನರು, ಬಾಗಿಲ ಹತ್ತಿರ ನಾನು. ಅಯ್ಯನವರು ಎರಡು ಕೆಲಸಕ್ಕೆ ಬಂದಿದ್ದರು. ದೂರಿನ ವಿಚಾರಣೆ ಒಂದು. ಇನ್ನೊಂದು ಪುಸ್ತಕಕ್ಕೆ ಮುನ್ನುಡಿ — ಅವರ ಹೆಸರಿಲ್ಲದೆ ಪ್ರಿಂಟರು ಮುಟ್ಟುವುದಿಲ್ಲ. ಶುದ್ಧ ಪ್ರತಿ ಹೋದ ವಾರವೇ ಅವರ ಮನೆಗೆ ಹೋಗಿತ್ತು.

“ಮರಣದ ಅಧ್ಯಾಯ ಓದಿ ನನ್ ಹೆಂಡ್ತಿ ಅತ್ತುಬಿಟ್ಳು, ಸಹೋದರ.”

“ಎಲ್ಲಾ ಕರ್ತನ ಕೃಪೆ,” ಯಜಮಾನರ ಮುಖ ಅರಳಿತು.

“ಹೆಪ್ಸಿಬಾ ಅವ್ವಾ, ನೀವ್ ಕೇಳಿದ್ದು ಹೇಳಿ.”

“ನಾಲ್ಕು ಗಂಟೆ. ನಾನು ಗಂಜಿ ಕುಡಿಸ್ತಿದ್ದೆ. ಜಿಪ್ಪೊರಾನ ಬಿಟ್ಬಿಡಿ, ಯಾರ ಸ್ವತ್ತೂ ಆಗಿರೋದು ಬೇಡ, ಅಂದ್ಲು ಮರ್ಸಿ. ಇವ್ರು ಆಗ್ಲಿ ಅಂದ್ರು. ಇನ್ನೂ ನಾಲ್ಕು ಚಮಚ ಗಂಜಿ ಕುಡಿದ್ಲು.”

“ಅಂದ್ಲು, ಇಲ್ಲ ಅನ್ನಲ್ಲ,” ಅಂದರು ಯಜಮಾನರು. “ಆದ್ರೆ ಜ್ವರ ನೆತ್ತಿಗೇರಿತ್ತು ಅಯ್ಯನೋರೇ. ಬಡಬಡಿಕೆ. ಸಾಯೋರ ಮನಸ್ಸು ನೋಯಿಸ್ಬಾರ್ದು ಅಂತ ಆಗ್ಲಿ ಅಂದೆ.”

ಅಯ್ಯನವರು ಕನ್ನಡಕ ಏರಿಸಿ ಹಾಳೆ ತಿರುವಿದರು. “ನಾಲ್ಕು ಗಂಟೆಗೆ ಬಡಬಡಿಕೆ.”

“ಹೌದು.”

“ಐದಕ್ಕೆ ಊರಿನ ಬಡವರಿಗೋಸ್ಕರ ಪ್ರಾರ್ಥನೆ ಮಾಡಿದ್ರು, ನಲವತ್ತೊಂದನೇ ಪುಟ. ಆರಕ್ಕೆ ನಿಮ್ಮನ್ನ ಹತ್ರ ಕರೆದು, ಭಯ ಇಲ್ಲ, ಬಾಗ್ಲು ತೆರೆದಿದೆ ಅಂದ್ರು, ನಲವತ್ಮೂರು. ನನ್ ಹೆಂಡ್ತಿ ಅತ್ತಿದ್ದು ಅಲ್ಲೇ. ಇವೆಲ್ಲ ನಾಲ್ಕು ಗಂಟೆ ಆದ್ಮೇಲೆ.”

ಯಜಮಾನರು ಹಾಳೆಗಾಗಿ ಕೈ ಚಾಚಿದರು.

ಅಯ್ಯನವರು ಜೇಬಿನಿಂದ ಸೀಸದ ಕಡ್ಡಿ ತೆಗೆದು ಅವರ ಕೈಗಿಟ್ಟರು. ದನಿ ಏರಿಸಲೇ ಇಲ್ಲ. “ಬಡಬಡಿಕೆ ಎಲ್ಲಿಂದ ಶುರುವಾಯ್ತು, ಎಲ್ಲಿ ನಿಂತಿತು, ಗುರುತು ಹಾಕ್ಕೊಡಿ. ಅಷ್ಟನ್ನ ತೆಗೆದು ಉಳಿದಿದ್ದಕ್ಕೆ ಮುನ್ನುಡಿ ಬರೀತೀನಿ. ಜ್ವರದ ಮಾತನ್ನ ಭಕ್ತಿ ಅಂತ ಹೇಳಿ ನಾನು ಹೆಸರು ಹಾಕೋಕಾಗಲ್ಲ.”

ಕಡ್ಡಿ ಹಿಡಿದು ಕೂತರು. ಹಾಳೆ ಅವರಿಗೆ ಕಾಣುವುದಿಲ್ಲ, ಆದರೂ ಅದರ ಕಡೆಗೇ ನೋಡುತ್ತಿದ್ದರು. ಗುರುತು ಹಾಕಿದರೆ ಅಮ್ಮನ ಮರಣವೇ ಪುಸ್ತಕದಿಂದ ಹೋಗುತ್ತದೆ. ಹಾಕದಿದ್ದರೆ ನಾನು ಅವರ ಕೈಬಿಟ್ಟು ಹೋಗುತ್ತೇನೆ. ಅವರು ಗುರುತು ಹಾಕಿಬಿಟ್ಟರೆ ಎಂಬ ಭಯ ಆ ಹೊತ್ತಿನಲ್ಲಿ ಹಡಗಿನ ಭಯಕ್ಕಿಂತ ದೊಡ್ಡದಾಗಿತ್ತು.

“ಜಿಪ್,” ಅಂದರು ಕಡೆಗೆ. “ಓದು. ನಾಲ್ಕು ಗಂಟೆಯಿಂದ.”

“ಶುದ್ಧ ಪ್ರತಿನಾ, ಕರಡಾ?”

ಹೊರಗೆ ಕುದುರೆ ಎರಡು ಸಲ ಕಾಲು ಕೆದರಿತು.

“ಕರಡು.”

ಓದಿದೆ. ಗೀಟಿನ ಅಡಿಯಲ್ಲಿದ್ದ ಸಾಲನ್ನೂ ಓದಿದೆ. ಪ್ರಾರ್ಥನೆ, ಬಾಗಿಲು, ಕೊನೆಯುಸಿರು. ತಿಳಿನೀರಿನ ಸಾಲಿಗೆ ಬರುವಷ್ಟರಲ್ಲಿ ಅವರ ಗಲ್ಲ ಒದ್ದೆಯಾಗಿತ್ತು. ನನ್ನದೂ.

“ಅವಳು ಬಡಬಡಿಸ್ಲಿಲ್ಲ,” ಅಂದರು. “ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ. ಒಂದಿನಾನೂ ತಲೆಕೆಟ್ಟ ಮಾತಾಡ್ದೋಳಲ್ಲ.” ಕಡ್ಡಿಯನ್ನು ಮೇಜಿನ ಮೇಲಿಟ್ಟರು. “ಆ ಸಾಲು ಸೇರ್ಸು.”

“ಸಾಲು ಸೇರ್ಸಿದ್ರೆ ಮುಗೀತಾ?” ಹೆಪ್ಸಿಬಾ ಬಿಡಲಿಲ್ಲ. “ಇವಳೇನು ನಿಮ್ ಪುಸ್ತಕದೊಳಗೆ ಹೋಗಿ ಬದುಕ್ಬೇಕಾ?”

ಅಯ್ಯನವರು ಕೆಮ್ಮಿದರು. ನಗು ಬಂದಾಗ ಹಾಗೆ ಕೆಮ್ಮುತ್ತಾರೆ.

“ಬಿಡುಗಡೆ ಪತ್ರಕ್ಕೆ ಕಾಗದ ತಾ,” ಅಂದರು ಯಜಮಾನರು. ತಂದೆ. ಲೇಖನಿ ಅದ್ದಿ ಕೂತೆ, ಅಭ್ಯಾಸ ನೋಡಿ. ‘ನಾನು, ಜಬೆಜ್ ಲೂಮಿಸ್’ ಎಂದು ಶುರು ಮಾಡಿದರು, ನಾನೂ ಬರೆಯತೊಡಗಿದೆ. ಅಯ್ಯನವರು ತಡೆದರು. “ಬೇಡ. ಇವಳೇ ಬರ್ಕೊಂಡ್ಳು ಅಂತ ನಾಳೆ ಯಾರಾದ್ರೂ ಅಂದಾರು. ನಾನ್ ಬರೀತೀನಿ.” ಅವರದು ಕೋಳಿ ಕೆದರಿದ ಬರಹ, ಎರಡು ಕಡೆ ಶಾಯಿ ಚೆಲ್ಲಿದೆ. ನನ್ನ ಕಾಗದ ಅಷ್ಟು ಕೊಳಕಾಯಿತಲ್ಲ ಎಂದು ಆ ಗಳಿಗೆಯಲ್ಲೂ ಬೇಸರವಾಯಿತು. ಯಜಮಾನರು ಸಹಿ ಹಾಕಿದರು. ನಾನೇ ಅವರ ಬೆರಳು ಹಿಡಿದು ಜಾಗ ತೋರಿಸಿದ್ದು. ಸಾಕ್ಷಿಯಾಗಿ ಹೆಪ್ಸಿಬಾ ಒಂದು ಗುರುತು ಎಳೆದಳು.

ಅಯ್ಯನವರು ಹೊರಟಾಗ ಟೈಟಸ್ ಕುದುರೆ ಹಿಡಿದು ನಿಂತಿದ್ದ. ಕಿಟಕಿ ತೆರೆದಿತ್ತು, ಎಲ್ಲ ಕೇಳಿಸಿದೆ ಅವನಿಗೆ. ನನ್ನ ಕಡೆ ನೋಡಿ ತಲೆಬಾಗಿಸಿದ. ಅಯ್ಯನವರು ಅವನ ಮುಖ ನೋಡದೆ ಕುದುರೆ ಹತ್ತಿದರು.

ಏಪ್ರಿಲ್ ೧೫, ಶುಕ್ರವಾರ.

ಮೂರು ಬಟ್ಟಲು ಅವರೆ ತಿಂದೆ. ಮೂರು. ಒಂದು ತಿಂಗಳಿನಿಂದ ಗಂಟಲಲ್ಲಿ ಇಳಿಯದಿದ್ದ ಊಟ ಒಟ್ಟಿಗೇ ಬಂದಂತಿತ್ತು.

ಬೆಳಗ್ಗೆಯಿಂದ ಎರಡು ಸಲ ಅತ್ತೆ, ಒಂದು ಸಲ ಕಾರಣವಿಲ್ಲದೆ ಕೋಳಿಗೂಡಿನಲ್ಲಿ ನಕ್ಕೆ. ಮೊಟ್ಟೆ ಕೈಜಾರಿ ಒಡೆಯಿತು. ಒಡೆದರೆ ಒಡೆಯಲಿ. ಅಮ್ಮನ ಸಮಾಧಿಗೆ ಹೋಗಿ ಕೂತಿದ್ದೆ. ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು, ಆಯ್ತಮ್ಮ ಎಂದಷ್ಟೇ ಹೇಳಿ ಬಂದೆ. ಅವರ ಮೇಲೆ ಸ್ವಲ್ಪ ಸಿಟ್ಟೂ ಇದೆ. ಹದಿನೇಳು ವರ್ಷದಲ್ಲಿ ಯಾವತ್ತಾದರೂ ಹೇಳಬಹುದಿತ್ತು, ಸಾಯುವ ದಿನದವರೆಗೆ ಯಾಕೆ ಕಾದರೋ. ಆದರೂ ಹೇಳಿದರು. ಗಂಜಿಯ ನಡುವೆ ಹೇಳಿದರು.

ಏಪ್ರಿಲ್ ೨೫, ಸೋಮವಾರ.

ಊರಿನ ದಾಖಲೆ ಪುಸ್ತಕದಲ್ಲಿ ಕಾಗದ ನಕಲಾಯಿತು. ನಾಳೆ ಇವಳು ಊರಿಗೆ ಹೊರೆಯಾದರೆ ಯಾರು ನೋಡಿಕೊಳ್ಳುವವರು ಎಂದು ಜಾಮೀನು ಕೇಳಿದರು. ಯಜಮಾನರು ಗೊಣಗುತ್ತಲೇ ಹಾಕಿದರು. “ಹೊರೆ ಅಂತೆ,” ದಾರಿಯಲ್ಲಿ ಹೇಳಿದರು, “ಇಷ್ಟು ವರ್ಷ ನನ್ನ ಹೊರೆ ಹೊತ್ತವಳು ಇವಳು.” ನನಗೆ ಹೇಳಿದ್ದೋ, ಕುದುರೆಗೋ ತಿಳಿಯಲಿಲ್ಲ.

ಕಾಗದವನ್ನು ಎದೆಗೆ ಕಟ್ಟಿಕೊಂಡಿದ್ದೇನೆ. ಉಸಿರೆಳೆದಾಗ ಸರಸರ ಅನ್ನುತ್ತದೆ. ಅಭ್ಯಾಸವಾಗಲು ಇನ್ನೂ ದಿನ ಬೇಕು.

ಮೇ ೨, ಸೋಮವಾರ.

ನಿನ್ನೆ ಮತ್ತೆ ಯಜಮಾನರೇ ತಟ್ಟೆ ಹಿಡಿದರು. ನನ್ನ ಮುಂದೆ ಬಂದಾಗ ತಟ್ಟೆ ಅಲ್ಲಾಡುತ್ತಿತ್ತು.

“ಸಹೋದರಿ,” ಅಂದರು.

ತೆಗೆದುಕೊಂಡೆ. ಎಲ್ಲ ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ಸಕ್ಕರೆ ದ್ವೀಪದ ಮಾತು ಇನ್ನೂ ಹೊಟ್ಟೆಯಲ್ಲಿದೆ. ಆದರೆ ದೂರು ಮುಗಿದಿದೆ, ದೂರು ಮುಗಿದ ಮೇಲೆ ತಿನ್ನಬಹುದು ಎಂದಷ್ಟೇ ನಿಯಮ. ಉಳಿದದ್ದನ್ನು ದೇವರು ನಿಧಾನವಾಗಿ ನೋಡಿಕೊಳ್ಳಲಿ, ನನಗೆ ಅವಸರವಿಲ್ಲ. ರೊಟ್ಟಿ ರುಚಿಯಾಗಿತ್ತು. ಎರಡು ಭೋಜನ ಬಿಟ್ಟಿದ್ದೆನಲ್ಲ.

ಈ ಸಲ ಟೈಟಸ್ ನನ್ನ ಆಚೆ ಪಕ್ಕದಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ತಟ್ಟೆ ಅವನ ಮುಂದೆ ನಿಂತು ನಿಂತು ಮುಂದೆ ಹೋಯಿತು. ಪೀಠದ ಮೇಲೆ ಅಯ್ಯನವರ ಮುಖ ಹಾಳೆಯಂತೆ ಬಿಳಿಚಿತು. ಯಾರ ಮೇಲೆ ದೂರು ಎಂದು ಈಗ ಅವರು ಹೋಗಿ ಅವನನ್ನು ಕೇಳಬೇಕು.

ಮೇ ೧೦, ಮಂಗಳವಾರ. ಬೆಳಗಿನ ಐದು.

ಹೆಪ್ಸಿಬಾಳ ಹಿಂದಿನ ಕೋಣೆಗೆ ಬಂದು ನಾಲ್ಕು ದಿನ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ಏಳು ಗಂಟೆಯವರೆಗೆ ಮಲಗಬೇಕೆಂದು ಹಟ ಹಿಡಿದಿದ್ದೇನೆ, ನಾಲ್ಕೂ ದಿನ ನಾಲ್ಕೂವರೆಗೇ ಎಚ್ಚರ. ಎದ್ದು ಒಲೆ ಹಚ್ಚಿ, ಯಾರಿಗಾಗಿ ಹಚ್ಚಿದೆ ಎಂದು ಯೋಚಿಸಿ, ನನಗಾಗಿಯೇ ಎಂದು ನೆನಪಾಗಿ, ಮತ್ತೆ ಹಾಸಿಗೆಯಲ್ಲಿ ಬಿದ್ದುಕೊಂಡು ಛಾವಣಿ ನೋಡುತ್ತೇನೆ. ಬಹಳ ಚೆನ್ನಾಗಿದೆ ಛಾವಣಿ. ಒಂದು ಕಡೆ ಸೋರುತ್ತದೆ.

“ಕಟ್ಟಿಗೆ ಹಾಳು ಮಾಡ್ತೀಯ,” ಎಂದು ಬೈದಳು ಹೆಪ್ಸಿಬಾ. ಆದರೆ ನಿನ್ನೆ ಡೀಕನರ ಗಾಡಿ ಎಂದಿನಂತೆ ಬಂದು ಕಟ್ಟಿಗೆ ಇಳಿಸಿ ಹೋಯಿತು. ಹೋದ ಸಲಕ್ಕಿಂತ ಜಾಸ್ತಿಯೇ. ಮುದುಕಿ ಎಣಿಸಿ ನೋಡಿ ಒಳಗೆ ಹೋದಳು.

ನಾವಿಕರ ಹೆಂಡತಿಯರು ಕಾಗದ ಬರೆಸಲು ಬರುತ್ತಿದ್ದಾರೆ. ಅವರು ಹೇಳುವುದು ಒಂದೂ ಸಾಲು ಹೊಡೆಯುವುದಿಲ್ಲ ನಾನು.

ಮೇ ೨೪, ಮಂಗಳವಾರ. ಬೆಳಗಿನ ಹತ್ತು.

ಬಾಸ್ಟನ್ನಿನಿಂದ ಪುಸ್ತಕದ ಅಚ್ಚಾದ ಮೊದಲ ಹಾಳೆಗಳು ಬಂದಿವೆಯಂತೆ, ತಪ್ಪು ತಿದ್ದಿ ಕಳಿಸಬೇಕಂತೆ. ಮಾಸ್ತರ ಬರುವುದಿಲ್ಲವೆಂದನಂತೆ. ಎಲ್ಲ ಹೆಪ್ಸಿಬಾ ಸಂತೆಯಿಂದ ತಂದ ಸುದ್ದಿ. ಡೀಕನ್ ಬರಲಿ, ಕೇಳಲಿ ಎಂದೆ. ದಿನಕ್ಕೆ ಇಷ್ಟು ಕೂಲಿ ಎಂದು ಹೇಳುತ್ತೇನೆ, ಬೆಳಗಿನ ಹೊತ್ತು ಮಾತ್ರ ಎಂದೂ ಹೇಳುತ್ತೇನೆ.

ಈಗ ಅಂಗಳದಲ್ಲಿ ಬಿಳಿ ಕುದುರೆ ನಿಂತಿದೆ. ಹೆಜ್ಜೆ ಎಡವುತ್ತಾ ಬಂದದ್ದು ಕೇಳಿಸಿತು. ಡೀಕನ್ ನನ್ನ ಬಾಗಿಲು ತಟ್ಟುತ್ತಿದ್ದಾರೆ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೆವು, ನಾನು ಮಲಗುವ ಜಾಗಕ್ಕೆ ಅವರು ತಟ್ಟಿ ಬಂದದ್ದು ನೆನಪಿಲ್ಲ. ಮತ್ತೆ ತಟ್ಟಿದರು. ಚಿಲಕ ಹಾಕಿಲ್ಲ, ತಳ್ಳಿದರೆ ತೆರೆಯುತ್ತದೆ, ಆದರೂ ತಳ್ಳುತ್ತಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿರಬೇಕು, ಉಸಿರು ಕೇಳುತ್ತಿದೆ. ನಾನು ಬನ್ನಿ ಎನ್ನುವವರೆಗೆ ನಿಲ್ಲುತ್ತಾರೆ ಎಂದು ಕಾಣುತ್ತದೆ.

ಕರೆಯುತ್ತೇನೆ. ಈ ಒಂದು ಸಾಲು ಬರೆದು ಮುಗಿಸಿದ ಮೇಲೆ.